ವೈರಿನೊಳಗಿನ ಬಿಳಿ ಪುಡಿ

ಒಂದು ಕಿಲೊ ಪಾಲಿಥೀನ್ ಸುಟ್ಟರೆ ಬರುವ ಶಾಖ, ಒಂದು ಕಿಲೊ ಸೀಮೆಎಣ್ಣೆ ಕೊಡುವ ಶಾಖಕ್ಕೆ ಹೆಚ್ಚುಕಡಿಮೆ ಸಮ. ಎರಡರ ಮೂಲವೂ ಕಚ್ಚಾತೈಲವೇ ಆಗಿರುವಾಗ ಇದು ಸಹಜ. ಆದರೂ ಸೀಮೆಎಣ್ಣೆ ಡಬ್ಬಿಯನ್ನು ಒಲೆಯಿಂದ ದೂರ ಇಡುವವರ ಮನೆಗಳಲ್ಲೇ ಪ್ಲಾಸ್ಟಿಕ್ಕು ಗೋಡೆಯೊಳಗೆಲ್ಲ ಹರಿದಾಡಿದೆ.

ಪ್ಲಾಸ್ಟಿಕ್ ಗಟ್ಟಿಯಾಗಿ ಇರುವಷ್ಟು ಹೊತ್ತು ಉರಿಯುವುದಿಲ್ಲ. ಬಿಸಿ ತಗುಲಿದಾಗ ಅದರ ಉದ್ದನೆಯ ಅಣುಸರಪಳಿಗಳು ತುಂಡಾಗಿ ಅನಿಲವಾಗುತ್ತವೆ. ಉರಿಯುವುದು ಆ ಅನಿಲ. ಉರಿಯ ಬಿಸಿಗೆ ಕೆಳಗಿನ ಪ್ಲಾಸ್ಟಿಕ್ ಇನ್ನಷ್ಟು ಒಡೆಯುತ್ತದೆ, ಇನ್ನಷ್ಟು ಅನಿಲ ಹುಟ್ಟುತ್ತದೆ. ಈ ಸುತ್ತನ್ನು ಎಲ್ಲಾದರೂ ಕಡಿದರೆ ಬೆಂಕಿ ನಿಲ್ಲುತ್ತದೆ, ಕನಿಷ್ಠ ನಿಧಾನವಾಗುತ್ತದೆ.

ಜ್ವಾಲೆಯೊಳಗೇ ಕಡಿಯುವುದು ಬ್ರೋಮಿನ್. ಉರಿಯನ್ನು ಮುಂದಕ್ಕೆ ಒಯ್ಯುವ ಹೈಡ್ರೋಜನ್, ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಅದು ಹಿಡಿದು ತೆಪ್ಪಗಾಗಿಸುತ್ತದೆ. ಹಳೆಯ ಟೀವಿ, ಕಂಪ್ಯೂಟರ್‌ಗಳ ಪೆಟ್ಟಿಗೆಗೆ ಬೆರೆಸುತ್ತಿದ್ದುದು ಹೆಚ್ಚಾಗಿ ಬ್ರೋಮಿನ್ ಸಂಯುಕ್ತಗಳನ್ನೇ. ಅವು ಪ್ಲಾಸ್ಟಿಕ್ಕಿನಲ್ಲಿ ಬೆರೆತಿದ್ದವೇ ಹೊರತು ಅದಕ್ಕೆ ಬೆಸೆದುಕೊಂಡಿರಲಿಲ್ಲ. ಮೆಲ್ಲಗೆ ಹೊರಬಂದು ಮನೆಯ ದೂಳು ಸೇರಿದವು. ಸ್ವೀಡನ್ನಿನಲ್ಲಿ 1972ರಿಂದ 1997ರವರೆಗೆ ಸಂಗ್ರಹಿಸಿದ ಎದೆಹಾಲಿನ ಮಾದರಿಗಳಲ್ಲಿ ಡಿಡಿಟಿ ಇಳಿಯುತ್ತಿದ್ದರೆ ಇವು ಏರುತ್ತಿದ್ದವು. 2009ರಲ್ಲಿ ಈ ಗುಂಪಿನ ಕೆಲವು, 2017ರಲ್ಲಿ ಇದೇ ಗುಂಪಿನ ಡೆಕಾ-ಬಿಡಿಇ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿದವು.

ಮನೆಯ ವೈರಿನ ಕತೆ ಬೇರೆ. ಅದರ ಹೊದಿಕೆಯಾದ ಪಿವಿಸಿ ಪ್ಲಾಸ್ಟಿಕ್ಕಿನ ತೂಕದಲ್ಲಿ ಶೇ 57ರಷ್ಟು ಕ್ಲೋರಿನ್ನೇ ಇರುವುದರಿಂದ ಅದಕ್ಕೆ ಹುಟ್ಟಿನಿಂದಲೇ ಬೆಂಕಿ ಹಿಡಿಯುವುದು ಕಷ್ಟ. ಆದರೆ ವೈರು ಬಾಗಲೆಂದು ಎಣ್ಣೆಯಂಥ ಮೆದುಕಾರಕ ಸೇರಿಸುತ್ತಾರೆ, ಅದು ಉರಿಯುತ್ತದೆ. ಆ ನಷ್ಟ ತುಂಬಲು ಆಂಟಿಮನಿ ಆಕ್ಸೈಡ್ ಬೆರೆಸಿದರೆ ಸಿಗುವುದು ಅಂಗಡಿಯವರು ‘ಎಫ್‌ಆರ್’ ಎನ್ನುವ ವೈರು. ಪರೀಕ್ಷೆಯಲ್ಲಿ ಅದರ ಹೊದಿಕೆಯ ಪಟ್ಟಿಯೊಂದನ್ನು ಗಾಜಿನ ಕೊಳವೆಯೊಳಗೆ ನಿಲ್ಲಿಸಿ, ಮೇಲಿನ ತುದಿಗೆ ಬೆಂಕಿ ಹಚ್ಚಿ, ಆಮ್ಲಜನಕವನ್ನು ಹದವಾಗಿ ಬಿಡುತ್ತಾರೆ. ಗಾಳಿಯಲ್ಲಿರುವ ಆಮ್ಲಜನಕ ಶೇ 21. ಶೇ 29ಕ್ಕಿಂತ ಕಡಿಮೆ ಆಮ್ಲಜನಕದಲ್ಲಿ ಪಟ್ಟಿ ಉರಿಯುತ್ತ ಹೋದರೆ ಅದು ಫೇಲು. ಕೌಂಟರಿನಲ್ಲಿ ಲೈಟರ್ ಹಿಡಿದು ‘ನೋಡಿ ಸಾರ್, ತಾನಾಗೇ ಆರಿತು’ ಎಂದು ತೋರಿಸುವುದೂ ಸುಳ್ಳಲ್ಲ, ಆದರೆ ಅರ್ಧ ಸತ್ಯ. ಹೊರಗಿನಿಂದ ದೊಡ್ಡ ಬೆಂಕಿ ಬಂದು ಕಟ್ಟುಗಟ್ಟಲೆ ಕೇಬಲ್ ಸುಡತೊಡಗಿದರೆ ಇದೇ ಪಿವಿಸಿ ಕಪ್ಪು ಹೊಗೆ ಕಾರುತ್ತದೆ, ಜೊತೆಗೆ ಕಣ್ಣು ಗಂಟಲು ಸುಡುವ ಹೈಡ್ರೋಜನ್ ಕ್ಲೋರೈಡ್.

ಹೊಗೆಯ ಲೆಕ್ಕವನ್ನು ಬೆಂಗಳೂರಿಗೆ ಬೇರೆಯಾಗಿ ಹೇಳಬೇಕಿಲ್ಲ. 2010ರ ಫೆಬ್ರುವರಿ 23ರಂದು ಕಾರ್ಲ್‌ಟನ್ ಟವರ್ಸ್‌ನ ವಿದ್ಯುತ್ ಡಕ್ಟ್‌ನಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರುಕಟ್ಟಿ ಕಿಟಕಿಯಿಂದ ಜಿಗಿದವರೂ ಸೇರಿ 9 ಜನ ಸತ್ತರು.

ನನಗೆ ಹೆಚ್ಚು ಮೆಚ್ಚುಗೆಯಾಗುವುದು ಮೂರನೆಯ ದಾರಿ. ಬಾಕ್ಸೈಟ್ ಅದಿರಿನಿಂದ ಸಿಗುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಂಬ ಬಿಳಿ ಪುಡಿ. ಎದೆಯುರಿಗೆ ಕುಡಿಯುವ ಔಷಧಿಯಲ್ಲೂ ಇರುವಂಥದ್ದು. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತನ್ನ ತೂಕದ ಮೂರನೇ ಒಂದು ಭಾಗವನ್ನು ನೀರಾವಿಯಾಗಿ ಬಿಡುತ್ತದೆ. ಆವಿಯಾಗುವ ಕೆಲಸಕ್ಕೇ ಶಾಖ ಖರ್ಚಾಗುತ್ತದೆ, ಆವಿ ಉರಿಯುವ ಅನಿಲವನ್ನು ತೆಳುವಾಗಿಸುತ್ತದೆ, ಉಳಿದ ಅಲ್ಯೂಮಿನಾ ಮೇಲ್ಮೈಯಲ್ಲಿ ಪೊರೆ ಕಟ್ಟುತ್ತದೆ. ಪುಡಿಯಿಂದ ವಿಷಾನಿಲ ಬರುವುದಿಲ್ಲ, ಹೊಗೆಯೂ ಕಡಿಮೆ. ಸುರಂಗಗಳಲ್ಲಿ, ಜನ ಸೇರುವ ಕಟ್ಟಡಗಳಲ್ಲಿ ಬಳಸುವ, ಕ್ಲೋರಿನ್ ಬ್ರೋಮಿನ್‌ಗಳಿಲ್ಲದ ಹ್ಯಾಲೊಜನ್‌ರಹಿತ ಕೇಬಲ್‌ಗಳ ಗುಟ್ಟು ಇದೇ.

ತೊಡಕು ಪ್ರಮಾಣದ್ದು. ಚಿಟಿಕೆ ಪುಡಿಯಿಂದ ಆಗುವ ಕೆಲಸವಲ್ಲ. ಹೊದಿಕೆಯ ತೂಕದಲ್ಲಿ ಶೇ 60ರಷ್ಟು ಪುಡಿಯೇ ಆಗಬೇಕು. ಆಗ ಅದು ಪ್ಲಾಸ್ಟಿಕ್ ಎನ್ನುವುದಕ್ಕಿಂತ ಪ್ಲಾಸ್ಟಿಕ್ಕಿನಿಂದ ಅಂಟಿಸಿದ ಕಲ್ಲುಪುಡಿ ಎನ್ನಬಹುದು: ಬಾಗಲು ಒಲ್ಲದು, ಎಳೆದರೆ ಸೀಳುತ್ತದೆ. ನೈಲಾನಿನಂಥವನ್ನು ಅಚ್ಚಿಗೆ ಹೊಯ್ಯುವ ಬಿಸಿಯಲ್ಲಂತೂ ಪುಡಿಯ ನೀರು ಯಂತ್ರದಲ್ಲೇ ಹಾರಿಹೋಗುತ್ತದೆ. ಅಲ್ಲಿ 300 ಡಿಗ್ರಿವರೆಗೆ ತಾಳುವ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಬೇಕು. ಇಂಥ ಕೇಬಲ್ಲಿನ ಬೆಲೆಯೂ ಪಿವಿಸಿಯದಕ್ಕಿಂತ ಜಾಸ್ತಿ. ಹೀಗಾಗಿ ಮನೆ ವೈರಿಂಗಿನ ಅಂದಾಜುಪಟ್ಟಿಯಲ್ಲಿ ಈಗಲೂ ಹೆಚ್ಚಾಗಿ ಕಾಣುವುದು ಎಫ್‌ಆರ್ ಸುರುಳಿಗಳೇ.