ಶುಶ್ರೂಷೆಯೂ ದೀನರ ಮಾತೂ

'ಶುಶ್ರೂಷೆ' ಎಂಬ ಪದವು ಶ್ರವಣಾರ್ಥಕವಾದ 'ಶ್ರು' ಧಾತುವಿಗೆ ಇಚ್ಛಾರ್ಥದಲ್ಲಿ 'ಸನ್' ಪ್ರತ್ಯಯವು ಬಂದು ಸಿದ್ಧವಾದುದು. ಕೇಳುವ ಇಚ್ಛೆಯೇ ಇದರ ಮೂಲಾರ್ಥ. ಸೇವೆಯೆಂಬ ಅರ್ಥವು ಅನಂತರದ್ದು. ಕಥೋಲಿಕ ಕ್ರೈಸ್ತರ ಸಾಮಾಜಿಕ ಬೋಧೆಯಾದರೋ ವಿಪರೀತಕ್ರಮದಿಂದ, ಸೇವೆಯಿಂದ ಶ್ರವಣಕ್ಕೆ ಬಂದಿತೆಂಬುದು ವಿಚಾರಾರ್ಹವಾಗಿದೆ.

1891ರಲ್ಲಿ ಹದಿಮೂರನೆಯ ಲಿಯೋ ಪೋಪರು ಹೊರಡಿಸಿದ 'ರೇರುಮ್ ನೊವಾರುಮ್' ಎಂಬ ಪರಿಪತ್ರವು ಕೂಲಿಕಾರರಿಗೆ ನ್ಯಾಯವಾದ ವೇತನವೂ ಸಂಘವನ್ನು ಕಟ್ಟುವ ಹಕ್ಕೂ ಸಲ್ಲತಕ್ಕವೆಂದು ಸಾರಿತು. ಅಲ್ಲಿ ದೀನರು ಮುಖ್ಯವಾಗಿ ರಕ್ಷಣೀಯರು. 2013ರ 'ಎವಾಂಜೆಲಿಯಿ ಗೌದಿಯುಮ್' ಎಂಬ ಉಪದೇಶಪತ್ರದಲ್ಲಿ ಫ್ರಾನ್ಸಿಸ್ ಪೋಪರು, ಬಡವರಿಂದ ಧರ್ಮಸಭೆಯು ಕಲಿಯಬೇಕಾದುದು ಬಹಳವಿದೆಯೆಂದರು. ಇಲ್ಲಿ ದೀನರೇ ಉಪದೇಶಕರು.

ಈ ತತ್ತ್ವಕ್ಕೆ ಪರೀಕ್ಷೆಯು ಬೇಗನೆ ಒದಗಿತು. 2019ರ ಅಕ್ಟೋಬರಿನಲ್ಲಿ ಅಮೆಜಾನ್ ಪ್ರದೇಶವನ್ನು ಕುರಿತು ರೋಮಿನಲ್ಲಿ ಬಿಷಪ್ಪರ ಪರಿಷತ್ತು ಸೇರಿತು. ಅದಕ್ಕೆ ಮೊದಲೇ ಅಲ್ಲಿಯ ಮೂಲನಿವಾಸಿಗಳ ಅಭಿಪ್ರಾಯಗಳನ್ನು ಕೇಳಿ ಸಂಗ್ರಹಿಸಿದ್ದರು. ಯಾಜಕರು ದುರ್ಲಭರಾದ ದೂರಪ್ರದೇಶಗಳಲ್ಲಿ ಯೋಗ್ಯರಾದ ಗೃಹಸ್ಥರಿಗೂ ಯಾಜಕದೀಕ್ಷೆಯನ್ನು ಕೊಡಬಹುದೆಂದು ಪರಿಷತ್ತು ಸೂಚಿಸಿತು. 2020ರ ಫೆಬ್ರವರಿಯಲ್ಲಿ ಪೋಪರಿತ್ತ 'ಕೆರಿದಾ ಅಮಜೋನಿಯಾ' ಎಂಬ ಪತ್ರವು ಈ ಸೂಚನೆಯ ವಿಷಯದಲ್ಲಿ ಮೌನವನ್ನು ತಾಳಿತು. ಕೇಳಿದುದನ್ನೆಲ್ಲ ಒಪ್ಪಲೇಬೇಕೆಂಬ ನಿಯಮವೇನೂ ಇಲ್ಲ. ಆದರೆ ಒಪ್ಪದ ಪಕ್ಷದಲ್ಲಿ, ಹೇಳಿದವರಿಗೆ ಕಾರಣವನ್ನು ತಿಳಿಸಿದ ಹೊರತು ಶ್ರವಣವು ಪೂರ್ಣವಾಗದೆಂದು ತೋರುತ್ತದೆ.