ಜೇನು ಪೆಟ್ಟಿಗೆಯ ಅಂಟು: ಎಸೆಯಬೇಡಿ, ಆತುರವೂ ಬೇಡ

ಜೇನು ಪೆಟ್ಟಿಗೆಯ ಮುಚ್ಚಳ ಎತ್ತಲು ಹೋದರೆ ಅಂಟಿಕೊಂಡು ಬರುವುದೇ ಇಲ್ಲ, ಕೈಗೆಲ್ಲ ಕಂದು ಗೋಂದು ಮೆತ್ತಿಕೊಳ್ಳುತ್ತದೆ ಎಂದು ಬೇಸರವೇ? ಅದನ್ನು ಕಸವೆಂದು ಬಿಸಾಡಬೇಡಿ. ಅದೇ ಪ್ರೊಪೊಲಿಸ್, ಅಂದರೆ ಜೇನಂಟು. ಮರದ ಮೊಗ್ಗು, ತೊಗಟೆಗಳಲ್ಲಿ ಒಸರುವ ಅಂಟನ್ನು ಹಿಂಗಾಲಿನಲ್ಲಿ ಹೊತ್ತು ತಂದು, ಮೇಣ ಬೆರೆಸಿ, ಜೇನ್ನೊಣಗಳು ಗೂಡಿನ ಬಿರುಕು ಮುಚ್ಚುತ್ತವೆ. ಗೂಡಿಗೆ ಸೋಂಕು ತಗಲದಂತೆಯೂ ಇದು ಕಾಯುತ್ತದೆ. ಸೋಪು, ಮುಲಾಮು, ಟೂತ್‌ಪೇಸ್ಟ್ ತಯಾರಿಕೆಯಲ್ಲಿ ಇದರ ಬಳಕೆಯಿದೆ.

ನಮ್ಮ ಪೆಟ್ಟಿಗೆಯಲ್ಲಿ ಇದು ಕಾಣುವುದೇ ಇಲ್ಲವಲ್ಲ ಎನ್ನುವಿರಾ? ನಿಮ್ಮದು ತುಡುವೆ ಜೇನಿರಬೇಕು. ಮಲೆನಾಡು, ಕೊಡಗು, ಕರಾವಳಿಯ ಹಿತ್ತಲುಗಳ ಈ ಜೇನು ಅಂಟು ತರುವುದು ಇಲ್ಲವೆನ್ನುವಷ್ಟು ಕಡಿಮೆ. ಇದಕ್ಕೆ ಜಾಲರಿ ಕೊಂಡರೆ ದುಡ್ಡು ದಂಡ! ಅಂಟು ಚೆನ್ನಾಗಿ ಸಿಗುವುದು ಯುರೋಪಿನ ಮೆಲ್ಲಿಫೆರಾ ಜೇನಿನಿಂದ. ಮಿಸ್ರಿ ಜೇನೂ ಅಂಟು ತರುತ್ತದೆ ನಿಜ. ಆದರೆ ಅದರ ಗೂಡು ಕಟ್ಟಿರುವುದೇ ಮೇಣ, ಅಂಟಿನಿಂದ. ಕಿತ್ತರೆ ಅದರ ಮನೆಯನ್ನೇ ಕಿತ್ತಂತೆ.

ಸಂಗ್ರಹಿಸುವುದು ಹೀಗೆ:

* ಮುಚ್ಚಳದಡಿ, ಚೌಕಟ್ಟುಗಳ ಮೇಲೆ ಸಣ್ಣ ಸೀಳುಗಳಿರುವ ಪ್ಲಾಸ್ಟಿಕ್ ಜಾಲರಿ ಹಾಸಿ. 6 ಮಿ.ಮೀ.ಗಿಂತ ಕಿರಿದಾದ ಸಂದು ಕಂಡರೆ ಮೆಲ್ಲಿಫೆರಾ ಅಂಟು ಮೆತ್ತಿ ಮುಚ್ಚುತ್ತದೆ.
* ತುಂಬಿದ ಜಾಲರಿಯನ್ನು ಚೀಲದಲ್ಲಿ ಸುತ್ತಿ ರಾತ್ರಿ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಬಗ್ಗಿಸಿದರೆ ಅಂಟು ಗಾಜಿನ ಚೂರಿನಂತೆ ಉದುರುತ್ತದೆ.
* ಮರದಿಂದ ಕೆರೆದ ಅಂಟನ್ನು ಇದರೊಂದಿಗೆ ಬೆರೆಸಬೇಡಿ. ಅದರಲ್ಲಿ ಮರದ ಚೂರು, ಪೇಂಟಿನ ಚಕ್ಕೆ ಇರಬಹುದು.
* ನುಸಿಗೆ ಔಷಧಿ ಹಾಕಿದ ಪೆಟ್ಟಿಗೆಯ ಅಂಟು ಬೇಡವೇ ಬೇಡ. ಔಷಧಿಯ ಅಂಶ ಅದರಲ್ಲಿ ಉಳಿದುಬಿಡುತ್ತದೆ.
* ಮಳೆ, ಚಳಿಯಲ್ಲಿ ತೆಗೆಯಬೇಡಿ. ಆಗ ಅದು ಜೇನಿಗೇ ಬೇಕು.
* ಕೈಗೆ ಅಂಟಿದ್ದು ನೀರಿಗೆ ಹೋಗದು. ಸ್ಪಿರಿಟ್ ಹಚ್ಚಿ ಒರೆಸಿ. ಒಲೆಯ ಹತ್ತಿರ ಮಾತ್ರ ಬೇಡ.

ಇನ್ನೊಂದು ಮುಖ್ಯ ಮಾತು. ಮಗುವಿಗೆ ಕೆಮ್ಮು ಬಂತೂಂತ ಪೆಟ್ಟಿಗೆಯ ಅಂಟನ್ನು ಬಾಯಿಗೆ ಹಾಕ್ಬೇಡಿ. ಕೆಲವರಿಗೆ ಇದರಿಂದ ತುರಿಕೆ, ಗಂಧೆ, ಬಾಯಿಹುಣ್ಣು ಆಗುವುದುಂಟು. ಆಸ್ತಮಾ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಸೇವಿಸಲೇಬಾರದು. ಮುಟ್ಟುವಾಗ ಕೈಗವಸು ಇರಲಿ.

ಒಂದು ಪೆಟ್ಟಿಗೆಯಿಂದ ವರ್ಷಕ್ಕೆ ಸಿಗುವುದು ಗ್ರಾಂ ಲೆಕ್ಕದಲ್ಲಿ, ಕೆ.ಜಿ. ಲೆಕ್ಕದಲ್ಲಲ್ಲ. ಆದ್ದರಿಂದ ಕೊಳ್ಳುವವರು ಯಾರು, ಎಷ್ಟು ಕೊಡ್ತಾರೆ ಎಂದು ಮೊದಲು ವಿಚಾರಿಸಿ, ಆಮೇಲೆ ಜಾಲರಿಗೆ ಕೈಹಾಕಿ.