ಶಾಲಾ ಕೈತೋಟ: ಬೇಸಗೆ ರಜೆಯಲ್ಲಿ ನೀರು ಹಾಕುವವರು ಯಾರು?

ಜುಲೈ ಮೊದಲ ವಾರ ವನಮಹೋತ್ಸವ ಬಂತೆಂದರೆ ನಮ್ಮ ಶಾಲೆಗಳಲ್ಲಿ ಗಿಡ ನೆಡುವ ಕಾರ್ಯಕ್ರಮ ತಪ್ಪದೆ ನಡೆಯುತ್ತದೆ. ಆ ದಿನ ಹಾರೆ ಹಿಡಿಯುವವರಿಗೂ ಫೊಟೊ ತೆಗೆಯುವವರಿಗೂ ಕೊರತೆಯಿಲ್ಲ. ಆದರೆ ಮುಂದಿನ ವರ್ಷ ಶಾಲೆ ತೆರೆಯುವಾಗ ಅನೇಕ ಕಡೆ ಉಳಿದಿರುವುದು ಬೇಲಿಯ ಕೋಲು ಮಾತ್ರ. ಕರಾವಳಿಯ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಗಿಡಗಳಿಗೆ ನೀರು ತೀರಾ ಅಗತ್ಯವಾಗುವ ಏಪ್ರಿಲ್-ಮೇಯಲ್ಲಿ ಶಾಲೆಗೆ ರಜೆ. ಹಾಗಾಗಿ ಬೀಜ ತರುವ ಮೊದಲೇ ರಜೆಯ ನೀರಿನ ಪಾಳಿಯನ್ನು ನಾವು ನಿಶ್ಚಯಿಸಿಕೊಳ್ಳಬೇಕು.

ಕೈತೋಟದ ಪ್ರಯೋಜನ ನೇರವಾಗಿ ಬಿಸಿಯೂಟಕ್ಕೆ. ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಬೆಳೆಸಲು ಕೇಂದ್ರ ಸರಕಾರವು 2019ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದೆ. ತಾನೇ ನೀರೆರೆದ ಹರಿವೆ ಸಾಂಬಾರಿಗೆ ಬಿದ್ದ ದಿನ, ಸೊಪ್ಪನ್ನು ಬಟ್ಟಲಿನ ಬದಿಗೆ ಸರಿಸುವ ಮಗುವೂ ರುಚಿ ನೋಡುತ್ತದೆ.

ಮಣ್ಣು: ಮೊದಲ ವರ್ಷ ಒಂದು ಸೆಂಟ್ಸ್, ಅಂದರೆ ಸುಮಾರು 40 ಚದರ ಮೀಟರ್ ಜಾಗ ಸಾಕು. ಬಿಸಿಲು ಬೀಳುವ, ಬಾವಿಗೆ ಹತ್ತಿರದ ಜಾಗವಿರಲಿ. ನಮ್ಮ ಮುರಕಲ್ಲು ಮಣ್ಣಿನಲ್ಲಿ ಹುಳಿ ಅಂಶ ಹೆಚ್ಚು. ಸುಣ್ಣ ಎಷ್ಟು ಬೇಕೆಂದು ಮಣ್ಣು ಪರೀಕ್ಷೆಯಿಂದ ತಿಳಿಯಬಹುದು. ಇದಕ್ಕೆ ಮಂಗಳೂರಿನ ಕಂಕನಾಡಿ ಅಥವಾ ಉಡುಪಿ ಜಿಲ್ಲೆಯ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಹಟ್ಟಿಗೊಬ್ಬರ, ಸುಡುಮಣ್ಣು ಊರಿನಲ್ಲೇ ಸಿಗುತ್ತವೆ.

ಬೆಳೆ: ಜೂನ್ ಆರಂಭದಲ್ಲಿ ಸಾಲುಗಳನ್ನು ಎತ್ತರಿಸಿ ಬೆಂಡೆ, ಹೀರೆ, ಮುಳ್ಳುಸೌತೆ ಬಿತ್ತಿದರೆ ನೀರು ನಿಂತು ಬೇರು ಕೊಳೆಯದು. ಬೆಂಡೆ ಸುಮಾರು 50 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನ ವೇಳೆಗೆ ಶಾಲೆಯ ತರಕಾರಿಯೇ ಕೈಗೆ ಸಿಗುತ್ತದೆ. ಮಳೆ ಕಳೆದ ಮೇಲೆ ಅಲಸಂಡೆ, ಹರಿವೆ, ಮಂಗಳೂರು ಸೌತೆ ಹಾಕೋಣ.

ಕೆಲಸದ ಹಂಚಿಕೆ: ಅಗೆತ, ಬೇಲಿ, ಚಪ್ಪರ ಹಿರಿಯರ ಪಾಲು. ಬಿತ್ತನೆ, ಕಳೆ ಕೀಳುವುದು, ಲೆಕ್ಕ ಬರೆಯುವುದು ಮಕ್ಕಳ ಪಾಲು. ಸ್ವಯಂಸೇವಕರು ಮಕ್ಕಳ ಜತೆ ಇರುವಾಗ ಒಬ್ಬ ಶಿಕ್ಷಕರು ಅಲ್ಲಿರಲೇಬೇಕು. ವಿಷದ ಸಿಂಪಡಣೆ ಬೇಡವೇ ಬೇಡ. ಶಾಲೆಯಲ್ಲಿ ಎಲ್ಲ ಧರ್ಮದ ಮಕ್ಕಳು ಕಲಿಯುತ್ತಾರೆ. ಆದುದರಿಂದ ಚರ್ಚಿನ ಸಂಘಟನೆಗಳ ಜತೆಗೆ ಎಲ್ಲ ಹೆತ್ತವರನ್ನೂ ನೆರೆಕರೆಯವರನ್ನೂ ಮೊದಲ ಸಭೆಗೇ ಕರೆಯೋಣ.

ರಜೆಯ ವ್ಯವಸ್ಥೆ: ಒಂದು ಸೆಂಟ್ಸ್ ತೋಟ ತುಂಬ ತರಕಾರಿಯಿದ್ದರೆ ಬೇಸಗೆಯಲ್ಲಿ ದಿನಕ್ಕೆ 150ರಿಂದ 200 ಲೀಟರ್ ನೀರು ಬೇಕಾಗಬಹುದು. ಬಾವಿ ತಳ ಕಾಣುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆದ್ದರಿಂದ ರಜೆಗೆ ಮೊದಲೇ ಸೌತೆ, ಅಲಸಂಡೆಯ ಕೊಯ್ಲು ಮುಗಿಸಿ ಬಸಳೆ, ತೊಂಡೆ, ನುಗ್ಗೆ, ಕರಿಬೇವು ಮಾತ್ರ ಉಳಿಸೋಣ. ಬುಡಕ್ಕೆ ತರಗೆಲೆಯನ್ನು ದಪ್ಪಗೆ ಮುಚ್ಚಿದರೆ ತೇವ ಉಳಿಯುತ್ತದೆ. ರಜೆ ಸುಮಾರು ಏಳು ವಾರ. ಒಂದೊಂದು ವಾಳೆಯವರು ಒಂದೊಂದು ವಾರ ವಹಿಸಿಕೊಂಡರೆ ಯಾರಿಗೂ ಹೊರೆಯಾಗದು. ಗೇಟಿನ ಕೀಲಿಕೈ ಯಾರಲ್ಲಿ ಎಂಬುದನ್ನೂ ಪಟ್ಟಿಯಲ್ಲಿ ಬರೆದಿಡಬೇಕು. ನೀರು ಹಾಕಿದವರಿಗೇ ಆ ವಾರದ ಬಸಳೆ, ತೊಂಡೆ ಎಂದು ಮೊದಲೇ ತೀರ್ಮಾನಿಸಿದರೆ ಮನಸ್ತಾಪಕ್ಕೂ ಎಡೆಯಿರದು.

ಗಿಡ ನೆಡಲು ಒಂದು ಬೆಳಗ್ಗೆ ಸಾಕು, ಉಳಿಸಲು ಇಡೀ ವರ್ಷ ಬೇಕು. ಈ ಬಾರಿ ವನಮಹೋತ್ಸವದ ಆಮಂತ್ರಣ ಪತ್ರಿಕೆಯ ಜತೆಗೇ ಏಪ್ರಿಲ್-ಮೇ ಪಾಳಿಯ ಪಟ್ಟಿಯನ್ನೂ ಸಿದ್ಧಪಡಿಸೋಣ. ಅದರಲ್ಲಿ ಏಳು ಹೆಸರು ತುಂಬಿದ ಮೇಲೆಯೇ ಹಾರೆ ಹಿಡಿಯೋಣ.